ಹಳೇ ಲೆಕ್ಕದ ಮಷಿನ್: ದಶಕ ಒಂದು ಜಾಸ್ತಿ ಏರುತ್ತಿದೆ, ಯಾಕೆ?

ಅಡತಿ_ಮೊಮ್ಮಗ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನದು ಅಡತಿ ಅಂಗಡಿ ಇತ್ತು. ಬೆಲ್ಲ, ಮೆಣಸಿನಕಾಯಿ ವ್ಯಾಪಾರ. ಹೋದ ವಾರ ಅಟ್ಟದ ಟ್ರಂಕ್ ಇಳಿಸಿದಾಗ ಅವರ ಲೆಕ್ಕದ ಮಷಿನ್ ಸಿಕ್ಕಿತು. ಕಬ್ಬಿಣದ ಮೈ, ಬಲಗಡೆ ತಿರುಗಿಸುವ ಹ್ಯಾಂಡಲ್. ಮೇಲೆ ಅಂಕಿ ಹೊಂದಿಸುವ ಸಣ್ಣ ಕಡ್ಡಿಗಳು, ಕೆಳಗೆ ಉತ್ತರ ಬರುವ 13 ಕಿಂಡಿ. ಹೆಸರಿನ ಪಟ್ಟಿ ಸವೆದು ಹೋಗಿದೆ.

ಒರೆಸಿ ತಿರುಗಿಸಿದೆ. ಓಡುತ್ತದೆ! ಆದರೆ ಒಂದು ತಪ್ಪು ಮಾಡುತ್ತಿದೆ. 700 ಹೊಂದಿಸಿ ಒಂದು ಸುತ್ತು ಹಾಕಿದರೆ 700. ಆಮೇಲೆ 500 ಹೊಂದಿಸಿ ಒಂದು ಸುತ್ತು ಹಾಕಿದರೆ 1200. ಇಲ್ಲಿಯವರೆಗೆ ಸರಿ. ಅದೇ 500 ಇಟ್ಟು ಇನ್ನೊಂದು ಸುತ್ತು ಹಾಕಿದರೆ 1700 ಬರಬೇಕು. ಬರುವುದು 2700. ಸಾವಿರದ ಮನೆಗೆ ದಶಕ, ಅಂದರೆ ಕೂಡುವಾಗ ಕೈಯಲ್ಲಿ ಹಿಡಿದು ಪಕ್ಕಕ್ಕೆ ಕೊಡುವ ಒಂದು, ಜಾಸ್ತಿ ಬರುತ್ತಿದೆ. ಬೇರೆ ಮನೆಗಳಲ್ಲಿ ಈ ತೊಂದರೆ ಇಲ್ಲ.

ರಿಪೇರಿ ಹೇಗೆ ಅಂತ ತಿಳಿಯಬೇಕು. ಅದಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ ಬೇರೆ. ಒಂದು ಚಕ್ರ 9 ದಾಟಿತು ಅಂತ ಪಕ್ಕದ ಚಕ್ರಕ್ಕೆ ಹೇಗೆ ಗೊತ್ತಾಗುತ್ತದೆ?

ಗುಮ್ಮಟದೂರು, ವಿಜಯಪುರ

ಇದು ಸುಲಭ ಅಲ್ವಾ ಅಣ್ಣಾ? ಬಿಡಿ ಚಕ್ರಕ್ಕೆ ಒಂದೇ ಒಂದು ಉದ್ದ ಹಲ್ಲು ಇರುತ್ತದೆ. ಚಕ್ರ ಪೂರ್ತಿ ಒಂದು ಸುತ್ತು ಬಂದಾಗ ಆ ಹಲ್ಲು ಪಕ್ಕದ ಚಕ್ರವನ್ನು ಒಂದು ಮನೆ ತಳ್ಳುತ್ತದೆ. ಕಾಲೇಜಿನ ಪ್ರದರ್ಶನಕ್ಕೆ ನಾನು ಪ್ಲೈವುಡ್‌ನಲ್ಲಿ ಆರು ಚಕ್ರದ ಮಾದರಿ ಮಾಡುತ್ತಿದ್ದೇನೆ. 9 ರಿಂದ 10 ಚೆನ್ನಾಗಿ ಹೋಗುತ್ತದೆ. 99 ರಿಂದ 100 ಸ್ವಲ್ಪ ಬಿಗಿ. 9999 ರಿಂದ ಮುಂದೆ ಹೋಗುವಾಗ ನಿನ್ನೆ ಹಲ್ಲೇ ಮುರಿಯಿತು. ಮರದ ದೋಷ ಇರಬೇಕು. ಅಕ್ರಿಲಿಕ್‌ನಲ್ಲಿ ಮಾಡಿದರೆ ಸರಿಹೋಗಬಹುದು.

ಫಿಟ್ಟರ್_ಕಾಕಾ, ಉದ್ಯಮಬಾಗ್

ತಮ್ಮಾ, ಮರದ ದೋಷ ಅಲ್ಲ. ಹಿತ್ತಾಳೆಯಲ್ಲಿ ಮಾಡಿದರೂ ಇದೇ ಕಷ್ಟ ಬರುತ್ತದೆ.

ಲೆಕ್ಕ ಹಾಕಿ ನೋಡು. 99,999 ಕ್ಕೆ 1 ಕೂಡಿಸುವಾಗ ಆರು ಚಕ್ರ ಒಟ್ಟಿಗೆ ತಿರುಗಬೇಕು. ಅಷ್ಟಕ್ಕೂ ಬಲ ಬರುವುದು ಬಿಡಿ ಚಕ್ರ ತಿರುಗಿಸುವ ನಿನ್ನ ಒಂದು ಬೆರಳಿನಿಂದ. ಎಲ್ಲ ಚಕ್ರಗಳ ತಿಕ್ಕಾಟ ಮೊದಲನೇ ಹಲ್ಲಿನ ಮೇಲೆ ಬಂದು ಬೀಳುತ್ತದೆ. ಇನ್ನೊಂದು ತೊಂದರೆ ಸಡಿಲಿನದು. ಹಲ್ಲು ಹಲ್ಲಿನ ನಡುವೆ ಸ್ವಲ್ಪ ಸಂದು ಇಲ್ಲದೆ ಗೇರ್ ತಿರುಗುವುದೇ ಇಲ್ಲ. ಒಂದೊಂದು ಜೋಡಿಯಲ್ಲಿ 3 ಡಿಗ್ರಿ ಸಡಿಲು ಇದೆ ಅಂತ ಇಟ್ಟುಕೋ. ಐದು ಜೋಡಿಗೆ 15 ಡಿಗ್ರಿ. ಒಂದು ಅಂಕಿಯ ಜಾಗ ಇರುವುದೇ 36 ಡಿಗ್ರಿ. ಕೊನೆಯ ಚಕ್ರ ಎರಡು ಅಂಕಿಗಳ ನಡುವೆ ನಿಂತುಬಿಡುತ್ತದೆ. ಓದುವುದು ಹೇಗೆ?

ನೀನು ಮಾಡಿದ್ದು 1623 ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ವಿಲ್‌ಹೆಲ್ಮ್ ಶಿಕಾರ್ಡ್ ಮಾಡಿದ ದಾರಿ. ಅವರೂ ಆರು ಮನೆಯ ಮಷಿನ್ ಮಾಡಿ, ಅದರ ವಿಷಯ ಖಗೋಳ ವಿಜ್ಞಾನಿ ಕೆಪ್ಲರ್‌ಗೆ ಪತ್ರ ಬರೆದಿದ್ದರು. ಒಂಟಿ ಹಲ್ಲಿನದೇ ದಶಕ. ಒಳ್ಳೆ ದಾರಿ, ಆದರೆ ಜಾಸ್ತಿ ಮನೆಗಳಿಗೆ ತಡೆಯುವುದಿಲ್ಲ.

ಅಡತಿ_ಮೊಮ್ಮಗ ಅವರ ಮಷಿನ್ ವಿಷಯಕ್ಕೆ ಸಂಜೆ ಬರುತ್ತೇನೆ. ಶಿಫ್ಟ್ ಮುಗಿಯಲಿ. ಅಲ್ಲಿಯವರೆಗೆ ಹ್ಯಾಂಡಲ್ ಜೋರಾಗಿ ತಿರುಗಿಸಬೇಡಿ.

ಮಗ್ಗದ_ಮನೆ, ರಬಕವಿ-ಬನಹಟ್ಟಿ

ಕಾಕಾ, ಒಂದು ಮಾತು. ನಮ್ಮ ಪವರ್‌ಲೂಮ್‌ಗೆ ಎಣಿಸುವ ಕೌಂಟರ್ ಇದೆ. ಬೈಕಿನ ಕಿಲೋಮೀಟರ್ ಓಡುವ ಹಾಗೇ ಅಂಕಿ ಉರುಳುತ್ತದೆ. ಅದು ದಿನವಿಡೀ 9 ದಾಟುತ್ತದೆ, ಎಂದೂ ಸಿಕ್ಕಿಕೊಂಡಿಲ್ಲ. ಒಮ್ಮೆ ಬಿಚ್ಚಿ ನೋಡಿದೆ. ಎರಡು ಡ್ರಮ್ಮಿನ ನಡುವೆ ಒಂದು ಪುಟ್ಟ ಗೇರ್. ಎಂಟು ಹಲ್ಲು. ಒಂದು ಬಿಟ್ಟು ಒಂದು ಹಲ್ಲು ಅರ್ಧ ಅಗಲ. ಡ್ರಮ್ಮಿನ ಒಂದು ಕಡೆ ಎರಡೇ ಹಲ್ಲು, ಇನ್ನೊಂದು ಕಡೆ 20 ಹಲ್ಲು.

ಎರಡು ಹಲ್ಲು ಇರುವ ಕಡೆ ಬಂದಾಗ ಪುಟ್ಟ ಗೇರ್ ಎರಡು ಹಲ್ಲಿನಷ್ಟು ತಿರುಗುತ್ತದೆ. ಆ ಕಡೆಯ ಡ್ರಮ್ 20 ರಲ್ಲಿ 2, ಅಂದರೆ ಹತ್ತರಲ್ಲಿ ಒಂದು ಪಾಲು ಸರಿಯುತ್ತದೆ. ಉಳಿದ ಹೊತ್ತೆಲ್ಲ ಅಗಲದ ಹಲ್ಲುಗಳು ಡ್ರಮ್ಮಿನ ನುಣುಪು ಅಂಚಿಗೆ ತಾಗಿ ನಿಂತಿರುತ್ತವೆ. ಹಾಗಾಗಿ ತಾನಾಗಿ ತಿರುಗಲು ಬರುವುದಿಲ್ಲ. ಎಷ್ಟು ಚಂದ ಮಾಡಿದ್ದಾರೆ ಅನಿಸಿತು. ಲೆಕ್ಕದ ಮಷಿನ್‌ಗೂ ಇದನ್ನೇ ಹಾಕಬಹುದಿತ್ತಲ್ಲ?

ಗಣಿತ_ಮಾಸ್ತರ, ಬಾಗಲಕೋಟೆ

ಅಕ್ಕಾ, ಒಳ್ಳೆ ಪ್ರಶ್ನೆ. ಉತ್ತರ ನಿಮ್ಮ ಮಗ್ಗದಲ್ಲೇ ಇದೆ. ನಿಮ್ಮ ಕೌಂಟರ್ ಯಾವಾಗಲೂ ಒಂದೊಂದೇ ಎಣಿಸುತ್ತದೆ. ಹೊರಗಿನಿಂದ ತಿರುಗುವುದು ಬಿಡಿ ಡ್ರಮ್ ಮಾತ್ರ. ಉಳಿದವು ದಶಕ ಬಂದರೆ ಮಾತ್ರ ಅಲುಗಾಡುತ್ತವೆ.

ಕೂಡಿಸುವ ಮಷಿನ್‌ನಲ್ಲಿ ಹಾಗಲ್ಲ. 478 ಕ್ಕೆ 356 ಕೂಡಿಸುವಾಗ ಹ್ಯಾಂಡಲ್ ಒಂದೇ ಸುತ್ತಿನಲ್ಲಿ ಬಿಡಿಗೆ 6, ಹತ್ತಕ್ಕೆ 5, ನೂರಕ್ಕೆ 3 ತಳ್ಳುತ್ತದೆ. ಮೂರೂ ಚಕ್ರ ಒಟ್ಟಿಗೆ ಓಡುತ್ತಿವೆ. ಹತ್ತರ ಚಕ್ರ ಇನ್ನೂ ತನ್ನ 5 ಹೆಜ್ಜೆ ನಡೆಯುತ್ತಿರುವಾಗಲೇ ಬಿಡಿ ಕಡೆಯಿಂದ ದಶಕ ಬಂದು ಬಡಿದರೆ ಏನಾಗುತ್ತದೆ? ಇಬ್ಬರು ಒಂದೇ ಚಕ್ರವನ್ನು ತಳ್ಳಿದ ಹಾಗೆ. ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಒಂದು ಹೆಜ್ಜೆ ಕಳೆದುಹೋಗುತ್ತದೆ.

ಅದಕ್ಕೇ ದಶಕ ಕಾಯಬೇಕು. ನಮ್ಮ ಮೂರನೇ ತರಗತಿಯ ಮಕ್ಕಳಿಗೂ ಹೇಳುವುದು ಇದನ್ನೇ. 8 ಮತ್ತು 6 ಕೂಡಿದರೆ 14. 4 ಬರೆ, 1 ಕೈಯಲ್ಲಿ ಹಿಡಿ. ಪಕ್ಕದ ಮನೆ ಕೂಡುವಾಗ ಅದನ್ನು ಸೇರಿಸು. ಬೆಳಗಾವಿಯಲ್ಲಿ ಮರಾಠಿ ಶಾಲೆ ಓದಿದ ಗೆಳೆಯರು ಇದಕ್ಕೆ ಹಾತಚಾ ಅನ್ನುತ್ತಾರೆ. ಕೈಯಲ್ಲಿರುವುದು ಅಂತ ಅರ್ಥ. ನನಗೆ ತುಂಬ ಇಷ್ಟವಾದ ಪದ. ಲೆಕ್ಕದ ಮಷಿನ್‌ಗೆ ಬೇಕಾದದ್ದು ಅದೇ, ಹಿಡಿದುಕೊಳ್ಳಲು ಒಂದು ಕೈ.

ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪಾಸ್ಕಲ್ ಆ ಕೈ ಮಾಡಿದರು. 1642 ರಲ್ಲಿ ಕೆಲಸ ಶುರು ಮಾಡಿದಾಗ ಅವರಿಗೆ 19 ವರ್ಷ. ತಂದೆಗೆ ಫ್ರಾನ್ಸಿನ ರೂಆನ್ ಊರಿನಲ್ಲಿ ತೆರಿಗೆ ಲೆಕ್ಕದ ಹೊಣೆ ಇತ್ತು. ಅವರಿಗೆ ನೆರವಾಗಲಿ ಅಂತ ಈ ಮಷಿನ್. ಪ್ರತಿ ಚಕ್ರಕ್ಕೂ ಒಂದು ತೂಕದ ತುಂಡು. ಚಕ್ರ 9 ರ ಕಡೆ ಹೋಗುತ್ತಾ ಆ ತೂಕವನ್ನು ಸ್ವಲ್ಪ ಸ್ವಲ್ಪ ಮೇಲೆತ್ತುತ್ತದೆ. 9 ದಾಟಿ 0 ಬಂದ ಕ್ಷಣ ತೂಕ ಜಾರಿ ಕೆಳಗೆ ಬೀಳುತ್ತದೆ. ಬೀಳುವಾಗ ಪಕ್ಕದ ಚಕ್ರವನ್ನು ಒಂದು ಮನೆ ತಳ್ಳುತ್ತದೆ. ಬಲ ಬಂದದ್ದು ಎಲ್ಲಿಂದ ನೋಡಿ. ಪ್ರತಿ ಚಕ್ರವೂ ತನ್ನ ಪಾಲಿನ ಬಲವನ್ನು ಮೊದಲೇ ಕೂಡಿಟ್ಟುಕೊಂಡಿದೆ. 99,999 ಇದ್ದರೂ ಬಿಡಿ ಚಕ್ರಕ್ಕೆ ಭಾರ ಆಗುವುದಿಲ್ಲ. ಗುಮ್ಮಟದೂರು ತಮ್ಮನ ಕಷ್ಟಕ್ಕೆ 1642 ರ ಉತ್ತರ ಇದು.

ಒಂದು ಕೊರತೆ ಉಳಿಯಿತು. ತೂಕ ಒಂದೇ ದಿಕ್ಕಿಗೆ ಎತ್ತಲು ಬರುತ್ತದೆ. ಚಕ್ರ ಹಿಂದೆ ತಿರುಗಿಸಲು ಬರುವುದಿಲ್ಲ. ಹಾಗಾದರೆ ಕಳೆಯುವುದು? 85 ರಲ್ಲಿ 27 ಕಳೆಯಬೇಕು ಅನ್ನಿ. 85 ರ ಪ್ರತಿ ಅಂಕಿಯನ್ನು 9 ರಿಂದ ಕಳೆದರೆ 14. ಅದಕ್ಕೆ 27 ಕೂಡಿಸಿ, 41. ಮತ್ತೆ 9 ರಿಂದ ಕಳೆದರೆ 58. ಸರಿ ಉತ್ತರ! ಪಾಸ್ಕಲ್ ಮಷಿನ್‌ನ ಡ್ರಮ್ಮಿನ ಮೇಲೆ ಎರಡು ಸಾಲು ಅಂಕಿ ಇರುತ್ತಿದ್ದವು, ಒಂದು ನೇರ, ಒಂದು 9 ರಿಂದ ಕಳೆದದ್ದು. ಒಂದು ಪಟ್ಟಿ ಸರಿಸಿ ಬೇಕಾದ ಸಾಲು ನೋಡುವುದು. ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದ ದಿನ ತರಗತಿ ಬಿಟ್ಟು ಯಾರೂ ಏಳಲಿಲ್ಲ.

ಅಡತಿ_ಮೊಮ್ಮಗ, ಬೆಳಗಾವಿ

ಮಾಸ್ತರೇ, ಒಂದು ಸಂಶಯ. ಅಜ್ಜನ ಹಳೇ ಖಾತೆ ಪುಸ್ತಕ ರೂಪಾಯಿ, ಆಣೆ, ಪೈ ಲೆಕ್ಕದ್ದು. 12 ಪೈ ಒಂದು ಆಣೆ, 16 ಆಣೆ ಒಂದು ರೂಪಾಯಿ. ಆ ಲೆಕ್ಕ ಇಂಥ ಮಷಿನ್‌ನಲ್ಲಿ ಆಗುತ್ತಿತ್ತಾ?

ಗಣಿತ_ಮಾಸ್ತರ, ಬಾಗಲಕೋಟೆ

ನಿಮ್ಮ ಮಷಿನ್‌ನಲ್ಲಿ ನೇರವಾಗಿ ಆಗುವುದಿಲ್ಲ. ಅದು ಹತ್ತರದು. 1957 ರ ಏಪ್ರಿಲ್ 1 ರಿಂದ ರೂಪಾಯಿಗೆ 100 ನಯಾ ಪೈಸೆ ಆಯಿತಲ್ಲ, ಆಮೇಲೆ ಅಡತಿ ಲೆಕ್ಕಕ್ಕೆ ಅದು ಸರಿಯಾಗಿ ಹೊಂದಿತು. ಆದರೆ ದಶಕದ ಕೆಲಸಕ್ಕೆ ಹತ್ತೇ ಆಗಬೇಕು ಅಂತ ಇಲ್ಲ. ಪಾಸ್ಕಲ್ ಕಾಲದ ಫ್ರಾನ್ಸಿನಲ್ಲೂ 12 ದೆನಿಯೆ ಒಂದು ಸೊಲ್, 20 ಸೊಲ್ ಒಂದು ಲಿವ್ರ್ ಇತ್ತು. ಅವರು ಕೊನೆಯ ಎರಡು ಚಕ್ರಗಳಿಗೆ 12 ಮತ್ತು 20 ಮನೆ ಇಟ್ಟರು, ಅಷ್ಟೇ. ಪೈಗೆ 12, ಆಣೆಗೆ 16 ಮನೆಯ ಚಕ್ರ ಇಟ್ಟರೆ ನಿಮ್ಮ ಅಜ್ಜನ ಹಳೇ ಲೆಕ್ಕವೂ ನಡೆಯುತ್ತದೆ.

ಫಿಟ್ಟರ್_ಕಾಕಾ, ಉದ್ಯಮಬಾಗ್

ಬಂದೆ. ಈಗ ಅಜ್ಜನ ಮಷಿನ್.

ನೀವು ಹೇಳಿದ ರೂಪ ನೋಡಿದರೆ ಇದು ಆಡ್ನರ್ ಮಾದರಿ. ವಿಲ್‌ಗೋಟ್ ಆಡ್ನರ್ ಸ್ವೀಡನ್‌ನವರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಾ ಈ ಮಷಿನ್ ಮಾಡಿದರು. ಅದೇ ಮಾದರಿಯನ್ನು ಆಮೇಲೆ ಎಷ್ಟೋ ದೇಶಗಳಲ್ಲಿ ಮಾಡಿದರು.

ಒಳಗೆ ಹ್ಯಾಂಡಲ್ ಜೊತೆ ತಿರುಗುವ ಒಂದು ರೋಲರ್ ಇದೆ. ಅದರಲ್ಲಿ ಪ್ರತಿ ಮನೆಗೆ ಒಂದು ಚಕ್ರ. ನೀವು ಕಡ್ಡಿಯನ್ನು 5 ಕ್ಕೆ ಎಳೆದರೆ ಆ ಚಕ್ರದಿಂದ 5 ಪಿನ್ ಹೊರಗೆ ಬರುತ್ತವೆ. ಹ್ಯಾಂಡಲ್ ಒಂದು ಸುತ್ತು ಹಾಕಿದರೆ ಆ 5 ಪಿನ್ ಉತ್ತರದ ಚಕ್ರವನ್ನು 5 ಮನೆ ತಳ್ಳುತ್ತವೆ. ಕೂಡುವುದು ಇಷ್ಟೇ. ಇಷ್ಟಕ್ಕೇ ಆಗಿದ್ದರೆ ಇಂಥ ಮಷಿನ್ ಯಾವ ಲೇಥ್ ಅಂಗಡಿಯಲ್ಲಾದರೂ ಮಾಡಬಹುದಿತ್ತು. ಉಳಿದ ಕುಶಲ ಎಲ್ಲ ದಶಕದ್ದು.

ನಿಮ್ಮ ಅಡತಿ ಮಾತಿನಲ್ಲೇ ಹೇಳುತ್ತೇನೆ. ನೂರರ ಚಕ್ರ 9 ರಿಂದ 0 ಗೆ ಹೋಗುವಾಗ ಪಕ್ಕದ ಒಂದು ಸಣ್ಣ ಲಿವರನ್ನು ಮುಂದಕ್ಕೆ ನೂಕುತ್ತದೆ. ಸಾವಿರದ ಚಕ್ರವನ್ನು ಆಗ ಮುಟ್ಟುವುದಿಲ್ಲ. ಸುಮ್ನೆ ಲಿವರ್ ಮುಂದೆ ನಿಲ್ಲುತ್ತದೆ. ಅದು ಉದ್ರಿ ಚೀಟಿ ಬರೆದಿಟ್ಟ ಹಾಗೆ. ಸಾವಿರಕ್ಕೆ ಒಂದು ಕೊಡುವುದು ಬಾಕಿ ಇದೆ ಅಂತ.

ಸಾವಿರದ ರೋಲರ್ ಚಕ್ರದಲ್ಲಿ 9 ಪಿನ್ ಅಲ್ಲದೆ ಪಕ್ಕಕ್ಕೆ ಸರಿಯುವ ಇನ್ನೊಂದು ಪಿನ್ ಇದೆ. ಅದು ಸ್ಪ್ರಿಂಗ್ ಮೇಲೆ ಇರುತ್ತದೆ. ಮಾಮೂಲಿಯಾಗಿ ಯಾವುದಕ್ಕೂ ತಾಗದೆ ಹಾದು ಹೋಗುತ್ತದೆ. ಲಿವರ್ ಮುಂದೆ ನಿಂತಿದ್ದರೆ ಮಾತ್ರ ಅದರ ಇಳಿಜಾರಿಗೆ ಬಡಿದು ಪಕ್ಕಕ್ಕೆ ಸರಿದು, ಸಾವಿರದ ಚಕ್ರಕ್ಕೆ ಒಂದು ಹಲ್ಲು ಕೊಡುತ್ತದೆ. ಇದು ವಸೂಲಿ. ಅದೇ ಸುತ್ತಿನಲ್ಲಿ ರೋಲರ್ ಲಿವರನ್ನು ಹಿಂದಕ್ಕೆ ತಳ್ಳುತ್ತದೆ. ಚೀಟಿ ಹರಿದ ಹಾಗೆ. ಪಿನ್ ಕೂಡ ಸ್ಪ್ರಿಂಗ್‌ನಿಂದ ತನ್ನ ಜಾಗಕ್ಕೆ ಹೋಗುತ್ತದೆ.

ಈ ವಸೂಲಿ ಪಿನ್‌ಗಳು ರೋಲರ್ ಮೇಲೆ ಒಂದೇ ಸಾಲಿನಲ್ಲಿ ಇಲ್ಲ. ಒಂದೊಂದು ಮನೆಗೂ ಸ್ವಲ್ಪ ಹಿಂದೆ ಹಿಂದೆ, ಮೆಟ್ಟಿಲ ಹಾಗೆ ಸುತ್ತಿಕೊಂಡಿವೆ. ಹಾಗಾಗಿ ಬಿಡಿಯ ದಶಕ ಮೊದಲು, ಹತ್ತರದು ಆಮೇಲೆ, ನೂರರದು ಅದರ ನಂತರ. 999 ಕ್ಕೆ 1 ಕೂಡಿದಾಗ ಹತ್ತರ ಚಕ್ರ ದಶಕ ಪಡೆದು ತಾನೂ 0 ಆಗಿ ಮುಂದಿನ ಚೀಟಿ ಬರೆಯುತ್ತದೆ. ನೂರರ ಪಿನ್ ಆಗಷ್ಟೇ ಬರುತ್ತಿರುತ್ತದೆ. ಒಂದು ಹೊತ್ತಿಗೆ ಒಂದೇ ಚಕ್ರಕ್ಕೆ ದಶಕ. ಅದಕ್ಕೇ ಎಷ್ಟು 9 ಇದ್ದರೂ ಹ್ಯಾಂಡಲ್ ಕೈಗೆ ಭಾರ ಅನಿಸುವುದಿಲ್ಲ. ಇಂಥ ವಸೂಲಿ ಪಿನ್ ಪ್ರತಿ ಚಕ್ರಕ್ಕೆ ಎರಡು ಇವೆ, ಒಂದು ಕೂಡುವ ದಿಕ್ಕಿಗೆ, ಒಂದು ಕಳೆಯುವ ದಿಕ್ಕಿಗೆ. ಪಾಸ್ಕಲ್‌ಗೆ ಆಗದ ಹಿಂದಿನ ಓಟ ಇಲ್ಲಿ ಸಾಧ್ಯವಾಯಿತು.

ಈಗ ನಿಮ್ಮ 2700. ಎರಡನೇ 500 ಕ್ಕೆ ನೂರರ ಚಕ್ರ 2 ರಿಂದ 7 ಕ್ಕೆ ಹೋಯಿತು. ದಶಕವೇ ಇಲ್ಲ. ಆದರೂ ಸಾವಿರಕ್ಕೆ ಒಂದು ಸಿಕ್ಕಿತು. ಅಂದರೆ ಹಳೇ ಉದ್ರಿಯನ್ನೇ ಎರಡನೇ ಸಲ ವಸೂಲಿ ಮಾಡಿದೆ. ಕಾರಣ ಎರಡರಲ್ಲಿ ಒಂದು. ಲಿವರ್ ಹಿಂದೆ ಹೋಗಿಲ್ಲ, ಅಥವಾ ಪಿನ್ ತನ್ನ ಜಾಗಕ್ಕೆ ಮರಳಿಲ್ಲ. 1200 ಬಂದ ಮೇಲೆ ನಿಲ್ಲಿಸಿ, ಟಾರ್ಚ್ ಹಾಕಿ ನೋಡಿ. ಊದಿನಕಡ್ಡಿಯ ಬಿದಿರಿನಿಂದ ಮೆಲ್ಲಗೆ ಮುಟ್ಟಿ. ಸ್ಕ್ರೂಡ್ರೈವರ್ ಬೇಡವೇ ಬೇಡ.

ಮುದ್ರಣ_ಮನೆ, ಅಥಣಿ

ಉದ್ರಿ ಚೀಟಿಯ ಹೋಲಿಕೆ ಬಹಳ ಚಂದ. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ನಾವು ಬಿಲ್ ಬುಕ್, ಪಾವತಿ ಪುಸ್ತಕ ಮುದ್ರಿಸುತ್ತೇವೆ. ಹಳೇ ಟ್ರೆಡಲ್‌ನಲ್ಲಿ ಹಾಕುವ, ಬಿಲ್ಲಿಗೆ ಕ್ರಮಸಂಖ್ಯೆ ಒತ್ತುವ ನಂಬರಿಂಗ್ ಮಷಿನ್ ಇನ್ನೂ ಇದೆ. ಅಲ್ಲಿ ಉದ್ರಿಯೂ ಇಲ್ಲ, ಕಾಯುವುದೂ ಇಲ್ಲ.

ಪ್ರತಿ ಅಂಕಿ ಚಕ್ರದ ಪಕ್ಕ ಹತ್ತು ಕಚ್ಚುಗಳ ಚಕ್ರ. ಅದರಲ್ಲಿ ಒಂದು ಕಚ್ಚು ಮಾತ್ರ ಆಳ. ಎಲ್ಲ ಚಕ್ರಗಳನ್ನು ತಳ್ಳಲು ಒಂದೇ ಬೆರಳು. ಆ ಬೆರಳಿಗೆ ಮೆಟ್ಟಿಲಿನಂತೆ ಹಲ್ಲುಗಳು. ಬಿಡಿಯ ಹಲ್ಲು ಎಲ್ಲಕ್ಕಿಂತ ಉದ್ದ, ಹತ್ತರದು ಸ್ವಲ್ಪ ಗಿಡ್ಡ, ನೂರರದು ಇನ್ನೂ ಗಿಡ್ಡ. ಮಾಮೂಲಿಯಾಗಿ ಬಿಡಿ ಹಲ್ಲು ಮಾತ್ರ ಕಚ್ಚಿಗೆ ಸಿಗುತ್ತದೆ. ಬಿಡಿ 9 ಇದ್ದಾಗ ಆಳದ ಕಚ್ಚು ಎದುರು ಬರುತ್ತದೆ. ಬೆರಳು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಆಗ ಹತ್ತರ ಹಲ್ಲೂ ಕಚ್ಚುತ್ತದೆ. ಬಿಡಿಯೂ ಹತ್ತೂ 9 ಇದ್ದರೆ ಇನ್ನೊಂದು ಮೆಟ್ಟಿಲು, ಆಗ ನೂರೂ ಸೇರುತ್ತದೆ. ಒಂದೇ ಏಟಿಗೆ 0999 ಹೋಗಿ 1000.

ಅಂದರೆ 9 ದಾಟಿದ ಮೇಲೆ ಸುದ್ದಿ ಹೇಳುವುದಲ್ಲ. ದಾಟುವ ಮೊದಲೇ ಗೊತ್ತಿರುತ್ತದೆ. ಒಂದೊಂದೇ ಎಣಿಸುವುದಕ್ಕೆ ಮಾತ್ರ ಇದು ನಡೆಯುತ್ತದೆ, ಮಾಸ್ತರರು ಹೇಳಿದ ಹಾಗೆ. ಆದರೂ ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಎಲ್ಲ 9 ಒಟ್ಟಿಗೆ ಉರುಳುವ ಆ ಹಾಳೆ ಬಂದಾಗ ಕೆಲಸ ನಿಲ್ಲಿಸಿ ನೋಡಬೇಕು ಅನಿಸುತ್ತದೆ.

ಸರ್ಕ್ಯೂಟ್_ತಂಗಿ, ಬಾಗಲಕೋಟೆ

ನಾನು ಇಂಜಿನಿಯರಿಂಗ್ ಎರಡನೇ ವರ್ಷ. ನಿಮ್ಮ ಮಾತು ಓದಿ ನನಗೆ ರೋಮಾಂಚನ ಆಯಿತು. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಮಗೆ ಎರಡು ಬಗೆಯ ಆಡರ್, ಅಂದರೆ ಕೂಡುವ ಸರ್ಕ್ಯೂಟ್, ಕಲಿಸುತ್ತಾರೆ. ಒಂದು ರಿಪಲ್ ಕ್ಯಾರಿ. ದಶಕ ಒಂದೊಂದೇ ಮನೆ ದಾಟುತ್ತಾ ಅಲೆಯ ಹಾಗೆ ಹೋಗುತ್ತದೆ. ಫಿಟ್ಟರ್ ಕಾಕಾ ಹೇಳಿದ ಮೆಟ್ಟಿಲಿನ ಪಿನ್ ಅದೇ ಅಲ್ವಾ? ಇನ್ನೊಂದು ಲುಕ್ ಅಹೆಡ್. ಎಲ್ಲೆಲ್ಲಿ ದಶಕ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಒಟ್ಟಿಗೆ ಕೊಡುವುದು. ಅಥಣಿ ಅಣ್ಣನ ನಂಬರಿಂಗ್ ಮಷಿನ್ ಅದರ ಅಣ್ಣನ ಹಾಗಿದೆ.

ಗಣಿತ_ಮಾಸ್ತರ, ಬಾಗಲಕೋಟೆ

ತಂಗಿ, ಸರಿಯಾಗಿ ಹಿಡಿದೆ. ಈ ಎರಡನ್ನೂ ಒಬ್ಬರೇ ಯೋಚಿಸಿದ್ದರು, ವಿದ್ಯುತ್ ಇಲ್ಲದ ಕಾಲದಲ್ಲಿ. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್.

ಗಣಿತದ ಕೋಷ್ಟಕಗಳ ಲೆಕ್ಕ ಹಾಕುವ ಅವರ ಎರಡನೇ ಡಿಫರೆನ್ಸ್ ಎಂಜಿನ್‌ನಲ್ಲಿ 31 ಅಂಕಿಯ ಸಂಖ್ಯೆಗಳು, ಒಂದರ ಮೇಲೊಂದು ಚಕ್ರ ಜೋಡಿಸಿದ ಕಂಬಗಳಲ್ಲಿ. ಮೊದಲು ಕೂಡುವುದು. ಆಗ 9 ದಾಟಿದ ಚಕ್ರಗಳು ಒಂದೊಂದು ಲಿವರ್ ಎತ್ತಿ ಇಡುತ್ತವೆ, ಇದೇ ಉದ್ರಿ ಚೀಟಿ. ಆಮೇಲೆ ಇನ್ನೊಂದು ಕಂಬ ತಿರುಗುತ್ತದೆ. ಅದರ ತೋಳುಗಳು ಸುರುಳಿಯಾಗಿ ಜೋಡಿಸಿವೆ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಲಿವರ್ ಕೇಳುತ್ತಾ ಹೋಗುತ್ತವೆ, ನಿನ್ನದು ಬಾಕಿ ಇದೆಯಾ ಅಂತ. ಬ್ಯಾಬೇಜ್ ಬದುಕಿದ್ದಾಗ ಇದು ಕಾಗದದ ಮೇಲೇ ಉಳಿಯಿತು. ಲಂಡನ್‌ನ ಸೈನ್ಸ್ ಮ್ಯೂಸಿಯಂ 1991 ರಲ್ಲಿ ಅವರ ನಕ್ಷೆ ನೋಡಿ ಕಟ್ಟಿತು. ಓಡಿತು! ಅದರ ವಿಡಿಯೋ ಸಿಕ್ಕರೆ ಹಿಂದಿನ ಕಡೆ ನೋಡಿ. ಗಾಳಿಗೆ ಜೋಳದ ಹೊಲ ಬಾಗಿದ ಹಾಗೆ ತೋಳುಗಳು ಒಂದರ ಹಿಂದೆ ಒಂದು ಏಳುತ್ತವೆ.

ಆದರೆ ಬ್ಯಾಬೇಜ್‌ಗೆ ಅದು ಸಾಕಾಗಲಿಲ್ಲ. 1834 ರಿಂದ ಅವರು ಬೇಕಾದ ಲೆಕ್ಕ ಹೇಳಿ ಮಾಡಿಸುವ ಅನಲಿಟಿಕಲ್ ಎಂಜಿನ್ ಯೋಚನೆ ಮಾಡಿದಾಗ ಅಂಕಿಗಳು ಇನ್ನೂ ಜಾಸ್ತಿ. ಕೂಡುವುದಕ್ಕಿಂತ ದಶಕ ಮುಗಿಯುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಅವರು ಹುಡುಕಿದ್ದು ಮೊದಲೇ ಅಂದಾಜು ಮಾಡುವ ದಶಕ. 9 ಇರುವ ಮನೆಗಳಲ್ಲಿ ಲೋಹದ ತುಂಡುಗಳು ಸಾಲಾಗಿ ಒಂದರ ಮೇಲೊಂದು ಕೂರುತ್ತವೆ. ಕೆಳಗಿನ ಒಂದನ್ನು ಎತ್ತಿದರೆ ಸಾಲು ಪೂರ್ತಿ ಏಳುತ್ತದೆ. ಎಲ್ಲ ದಶಕ ಒಂದೇ ಏಟಿಗೆ.

ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ನೆನಪಾಗುತ್ತಾರೆ. ಗುಣಾಕಾರಕ್ಕೆ ಮೆಟ್ಟಿಲು ಹಲ್ಲಿನ ಡ್ರಮ್ ಕಂಡುಹಿಡಿದ ದೊಡ್ಡ ಬುದ್ಧಿ. ಅವರ ಮಷಿನ್‌ನಲ್ಲಿ ದಶಕ ಸಾಲಾಗಿ ಮುಂದೆ ಹೋಗುತ್ತಿರಲಿಲ್ಲ. ಉಳಿದುಹೋದ ದಶಕ ಇದ್ದರೆ ಐದು ಮೂಲೆಯ ತಟ್ಟೆಯ ಮೂಲೆ ಮೇಲೆ ಎದ್ದು ನಿಲ್ಲುತ್ತಿತ್ತು. ನಡೆಸುವವರು ಅದನ್ನು ಕೈಯಿಂದ ತಳ್ಳಬೇಕಿತ್ತು. ಅಂಥವರಿಗೂ ಕಷ್ಟವಾದ ಕೆಲಸ ಇದು.

ಅಡತಿ_ಮೊಮ್ಮಗ, ಬೆಳಗಾವಿ

ಕಾಕಾ, ನೋಡಿದೆ! ಲಿವರ್ ಹಿಂದೆ ಹೋಗಿದೆ. ಪಿನ್ ಮಾತ್ರ ಪಕ್ಕಕ್ಕೆ ಸರಿದೇ ನಿಂತಿದೆ. ಬಿದಿರಿನಿಂದ ತಳ್ಳಿದರೆ ನಿಧಾನ, ಜೇನಿನಲ್ಲಿ ಹೋದ ಹಾಗೆ ಹೋಗುತ್ತದೆ. ಸುತ್ತ ಹಳದಿ ಅಂಟು. ಅಮ್ಮನನ್ನು ಕೇಳಿದೆ. ಅಜ್ಜ ಹೋದ ಮೇಲೆ ಮನೆಯಲ್ಲಿ ಯಾರೋ ಶೇಂಗಾ ಎಣ್ಣೆ ಬಿಟ್ಟಿದ್ದರಂತೆ.

ಫಿಟ್ಟರ್_ಕಾಕಾ, ಉದ್ಯಮಬಾಗ್

ಹಾಗಾದರೆ ಚೀಟಿ ಹರಿದಿದೆ, ವಸೂಲಿಗೆ ಬಂದವನು ಮಾತ್ರ ಬಾಗಿಲಲ್ಲೇ ನಿಂತಿದ್ದಾನೆ. ಅಡಿಗೆ ಎಣ್ಣೆ ಒಣಗಿ ಅಂಟಾಗುತ್ತದೆ. ಸ್ಪ್ರಿಂಗ್ ಚೆನ್ನಾಗಿದೆ, ಅದಕ್ಕೆ ಬಲ ಸಾಲುತ್ತಿಲ್ಲ ಅಷ್ಟೇ.

ಚಿಮಣಿ ಎಣ್ಣೆ ಒಂದೆರಡು ಹನಿ ಸಣ್ಣ ಬ್ರಷ್‌ನಿಂದ ಹಚ್ಚಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಪಿನ್ ಟಕ್ ಅಂತ ಮರಳುವ ತನಕ ಮತ್ತೆ ಮಾಡಿ. ಕೊನೆಗೆ ಹೊಲಿಗೆ ಮಷಿನ್ ಎಣ್ಣೆ ಸೂಜಿ ತುದಿಯಿಂದ ಮುಟ್ಟಿಸಿದಷ್ಟೇ. ಜಾಸ್ತಿ ಹಾಕಿದರೆ ಧೂಳು ಹಿಡಿಯುತ್ತದೆ.

ಆಮೇಲೆ ಪರೀಕ್ಷೆ. ಎಲ್ಲ ಕಿಂಡಿ 0 ಮಾಡಿ. ಬಿಡಿಯಲ್ಲಿ 1 ಹೊಂದಿಸಿ ಹ್ಯಾಂಡಲ್ ಹಿಂದಕ್ಕೆ ಒಂದು ಸುತ್ತು ಹಾಕಿ. 0 ಯಲ್ಲಿ 1 ಕಳೆದ ಹಾಗೆ. 9 ಗಳ ಸಾಲು ಬರಬೇಕು, ನಡುವೆ ಎಲ್ಲೂ ತಪ್ಪಬಾರದು. ಮತ್ತೆ ಮುಂದಕ್ಕೆ ಒಂದು ಸುತ್ತು ಹಾಕಿದರೆ ಎಲ್ಲ 0. ಎಲ್ಲ ಲಿವರ್, ಎಲ್ಲ ಪಿನ್, ಎರಡು ದಿಕ್ಕು, ಎರಡೇ ಸುತ್ತಿನಲ್ಲಿ ಪರೀಕ್ಷೆ ಆಗುತ್ತದೆ.

ಗುಮ್ಮಟದೂರು, ವಿಜಯಪುರ

ನಾನು ಒಂಟಿ ಹಲ್ಲು ಬಿಟ್ಟೆ. ಪಾಸ್ಕಲ್ ದಾರಿ ಹಿಡಿದಿದ್ದೇನೆ. ತೂಕಕ್ಕೆ ದೊಡ್ಡ ಬೋಲ್ಟ್ ಕಟ್ಟಿದ್ದೇನೆ. 999 ದಾಟಿತು. ಬೀಳುವಾಗ ಕೆಲವು ಸಲ ಎರಡು ಮನೆ ತಳ್ಳುತ್ತದೆ.

ಫಿಟ್ಟರ್_ಕಾಕಾ, ಉದ್ಯಮಬಾಗ್

ಶಾಬಾಸ್ ತಮ್ಮಾ. ಪ್ರತಿ ಚಕ್ರಕ್ಕೂ ಒಂದು ಸ್ಪ್ರಿಂಗ್ ಪಟ್ಟಿ ಹಾಕು. ಹಲ್ಲಿನ ನಡುವೆ ಕೂತು ಚಕ್ರವನ್ನು ಒಂದು ಮನೆಗೇ ಹಿಡಿದು ನಿಲ್ಲಿಸಬೇಕು. ಬೋಲ್ಟ್ ಭಾರವನ್ನೂ ಸ್ವಲ್ಪ ಇಳಿಸು. ಎರಡನ್ನೂ ಒಟ್ಟಿಗೆ ಹೊಂದಿಸಬೇಕಾಗುತ್ತದೆ.

ಅಡತಿ_ಮೊಮ್ಮಗ, ಬೆಳಗಾವಿ

ಎರಡು ರಾತ್ರಿ ಬೇಕಾಯಿತು. 700, 1200, 1700, 2200. ಸರಿ!

0 ಯಲ್ಲಿ 1 ಕಳೆದೆ. 9 ಗಳು ಬಂದವು, ಜೊತೆಗೆ ಟಿಣ್ ಅಂತ ಗಂಟೆ ಬಾರಿಸಿತು. ಇದರಲ್ಲಿ ಗಂಟೆ ಇದೆ ಅಂತಲೇ ಗೊತ್ತಿರಲಿಲ್ಲ. ಅಮ್ಮ ಅಡಿಗೆಮನೆಯಿಂದ ಓಡಿ ಬಂದರು. ಅಜ್ಜ ಕೂತಾಗ ಆ ಸದ್ದು ಬರುತ್ತಿತ್ತಂತೆ. ಒಂದು ಚಿಂತೆ ಮಾತ್ರ ಉಳಿದಿದೆ. 13 ಕಿಂಡಿಯಲ್ಲಿ 10 ರಲ್ಲಿ ಮಾತ್ರ 9 ಬಂತು. ಎಡಗಡೆಯ ಮೂರು 0 ಆಗೇ ಇವೆ. ಅಲ್ಲೂ ಅಂಟು ಇದೆಯಾ?

ಫಿಟ್ಟರ್_ಕಾಕಾ, ಉದ್ಯಮಬಾಗ್

ಇಲ್ಲ. ಮಾಡಿದ್ದೇ ಹಾಗೆ. ರೋಲರ್ ಎಷ್ಟು ಉದ್ದ ಇದೆಯೋ ಅಷ್ಟು ಮನೆಗೆ ಮಾತ್ರ ದಶಕ ಕೊಡಬಹುದು. ಉತ್ತರದ ಕಿಂಡಿಗಳಿರುವ ಕೆಳಗಿನ ಭಾಗ, ಅಂದರೆ ಕ್ಯಾರೇಜ್, ಬಲಕ್ಕೆ ಸರಿಸಿದರೆ ಎಡಗಡೆಯ ಕಿಂಡಿಗಳು ರೋಲರ್ ಕೆಳಗೆ ಬರುತ್ತವೆ, ಆಗ ಅವಕ್ಕೂ ಸಿಗುತ್ತದೆ. ಇಂಥ ಎಷ್ಟೋ ಮಷಿನ್‌ಗಳಲ್ಲಿ ಹೀಗೇ ಇದೆ.

ಗಂಟೆ ದಶಕದ ಸಾಲಿನ ಕೊನೆಯಲ್ಲಿದೆ. ಕೊನೆಯ ಮನೆಯೂ ದಾಟಿತು, ಮುಂದೆ ಕೊಡಲು ಯಾರೂ ಇಲ್ಲ ಅಂದಾಗ ಬಾರಿಸುತ್ತದೆ. ಭಾಗಾಕಾರ ಮಾಡುವುದೇ ಅದರ ಮೇಲೆ. ಹಿಂದಕ್ಕೆ ತಿರುಗಿಸಿ ಕಳೆಯುತ್ತಾ ಹೋಗಿ. ಗಂಟೆ ಬಾರಿಸಿದರೆ ಒಂದು ಸಲ ಜಾಸ್ತಿ ಕಳೆದಿದ್ದೀರಿ ಅಂತ. ಮುಂದಕ್ಕೆ ಒಂದು ಸುತ್ತು ಹಾಕಿ ಸರಿಮಾಡಿ, ಕ್ಯಾರೇಜ್ ಒಂದು ಮನೆ ಸರಿಸಿ, ಮತ್ತೆ ಶುರು. ನಿಮ್ಮ ಅಮ್ಮನಿಗೆ ನೆನಪಿರುವ ಸದ್ದು ಅಜ್ಜ ಕ್ವಿಂಟಾಲ್ ದರ ಒಡೆಯುತ್ತಿದ್ದಾಗಿನದು ಇರಬೇಕು.

ಒಂದು ಮಾತು ನೆನಪಿಡಿ. ಸುತ್ತು ಅರ್ಧ ಆದಾಗ ಹ್ಯಾಂಡಲ್ ಹಿಂದಕ್ಕೆ ತರಬೇಡಿ. ಆ ಹೊತ್ತಿಗೆ ಕೆಲವು ಚೀಟಿ ಬರೆದಿರುತ್ತವೆ, ವಸೂಲಿ ಆಗಿರುವುದಿಲ್ಲ. ತಪ್ಪು ಅಂಕಿ ಹೊಂದಿಸಿದ್ದು ಗೊತ್ತಾದರೂ ಸುತ್ತು ಮುಗಿಸಿ, ಆಮೇಲೆ ಅದನ್ನೇ ಕಳೆಯಿರಿ.

ಗಣಿತ_ಮಾಸ್ತರ, ಬಾಗಲಕೋಟೆ

ಅಡತಿ ಅಣ್ಣಾ, ಮಕ್ಕಳಿಗೆ ದಶಕ ಸಹಿತ ಕೂಡುವ ಪಾಠ ಬರುವ ತಿಂಗಳು ಇದೆ. ನಾನು ಒಂದು ಭಾನುವಾರ ಬೆಳಗಾವಿಗೆ ಬಂದರೆ ಆ 9 ಗಳ ಸಾಲು ವಿಡಿಯೋ ಮಾಡಿಕೊಳ್ಳಬಹುದಾ?

ಅಡತಿ_ಮೊಮ್ಮಗ, ಬೆಳಗಾವಿ

ಬನ್ನಿ ಮಾಸ್ತರೇ, ಊಟಕ್ಕೇ ಬನ್ನಿ. ಪಕ್ಕದ ಮುಚ್ಚಳ ತೆಗೆದು ಇಟ್ಟಿರುತ್ತೇನೆ, ಲಿವರ್ ಕಾಣುವ ಹಾಗೆ.